ವೀಣೆ ಬೇಕೆಂದವರ ಮಾತೂ ಉಳಿದಿದೆ

ಸಂವಿಧಾನದ ಪೀಠಿಕೆಯನ್ನು ಶಾಲೆಯಂಗಳದಲ್ಲಿ ಒಕ್ಕೊರಲಿನಿಂದ ಓದುತ್ತೇವೆ. ಅದನ್ನು ಬರೆದವರು ಒಕ್ಕೊರಲಿನವರಾಗಿರಲಿಲ್ಲ. ಮೂರು ವರ್ಷ ಅವರು ವಾದಿಸಿದ್ದು, ಮುನಿದದ್ದು, ಸೋತದ್ದು, ಗೆದ್ದದ್ದು ಎಲ್ಲವೂ ಹನ್ನೆರಡು ಸಂಪುಟಗಳಲ್ಲಿದೆ. ಆ ಸಂಪುಟಗಳನ್ನು ಬಿಡಿಸಿದರೆ ಕರ್ನಾಟಕದ ನೆಲದ ದನಿಗಳೂ ಕೇಳಿಸುತ್ತವೆ.

1949ರ ನವೆಂಬರ್ 17. ದೆಹಲಿಯಲ್ಲಿ ಸಂವಿಧಾನ ಸಭೆ ಕರಡಿನ ಕೊನೆಯ ವಾಚನಕ್ಕೆ ಕುಳಿತಿತ್ತು. ಮೂರು ವರ್ಷದ ದುಡಿಮೆ ದಡ ಮುಟ್ಟುವ ಹೊತ್ತು. ಇನ್ನು ಒಂಬತ್ತು ದಿನ ಕಳೆದರೆ ಅಂಗೀಕಾರ. ಅಂಥ ಸಮಯದಲ್ಲಿ ಮೈಸೂರಿನ ಪ್ರತಿನಿಧಿ ಕೆಂಗಲ್ ಹನುಮಂತಯ್ಯ ಎದ್ದು ತಮ್ಮ ಬೇಸರವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ನಾವು ಬಯಸಿದ್ದು ವೀಣೆಯ, ಸಿತಾರಿನ ನಾದವನ್ನು. ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬುದು ಅವರ ಮಾತಿನ ಸಾರ. ಕರಡು ಬರೆದವರ ಮೇಲೆ ಅವರಿಗೆ ಕೋಪವಿರಲಿಲ್ಲ. ಅವರ ವಿದ್ಯಾಭ್ಯಾಸವೇ ಹಾಗಿತ್ತು, ಆ ಕೆಲಸವನ್ನು ಅಂಥವರ ಕೈಗೆ ಕೊಟ್ಟ ನಮ್ಮದೇ ತಪ್ಪು ಎಂದರು.

ಸಂವಿಧಾನದ ಪುಸ್ತಕವನ್ನು ಎಷ್ಟು ಸಲ ತಿರುವಿ ಹಾಕಿದರೂ ಈ ವೀಣೆಯ ಮಾತು ಸಿಗುವುದಿಲ್ಲ. ಅಲ್ಲಿರುವುದು ವಿಧಿಗಳು, ಭಾಗಗಳು, ಅನುಸೂಚಿಗಳು. ಹನುಮಂತಯ್ಯನವರ ಮಾತು ಸಿಗುವುದು ಇನ್ನೊಂದು ಪುಸ್ತಕದಲ್ಲಿ, ಸಂವಿಧಾನ ಸಭೆಯ ನಡಾವಳಿಯ ಸಂಪುಟಗಳಲ್ಲಿ. 1946ರ ಡಿಸೆಂಬರ್ 9ರ ಮೊದಲ ಸಭೆಯಿಂದ 1950ರ ಜನವರಿ 24ರ ಕೊನೆಯ ಸಭೆಯವರೆಗೆ ಆಡಿದ ಮಾತನ್ನೆಲ್ಲ ಶೀಘ್ರಲಿಪಿಕಾರರು ಬರೆದುಕೊಂಡರು. ಯಾರು ಮಧ್ಯೆ ಬಾಯಿ ಹಾಕಿದರು, ಸಭೆ ಎಲ್ಲಿ ನಕ್ಕಿತು, ಅಧ್ಯಕ್ಷರು ಯಾರನ್ನು ಕೂರಿಸಿದರು ಎಂಬುದೂ ಅದರಲ್ಲಿದೆ. ಹನ್ನೆರಡನೆಯ ಸಂಪುಟ ತೀರಾ ತೆಳುವಾದದ್ದು. ಅದರಲ್ಲಿರುವುದು ಒಂದೇ ದಿನದ ಕಲಾಪ: ಸದಸ್ಯರು ಸಾಲಾಗಿ ಬಂದು ಸಹಿ ಹಾಕಿದ ದಿನ.

ಕರ್ನಾಟಕದಲ್ಲಿ ಈಗ ಸಂವಿಧಾನ ಓದುವ ಕಾಲ. 2023ರ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದಂದು, ರಾಜ್ಯದ ಉದ್ದಗಲಕ್ಕೂ ಪೀಠಿಕೆಯ ಸಾಮೂಹಿಕ ವಾಚನ ನಡೆಯಿತು. ಶಾಲಾ ಕಾಲೇಜುಗಳಲ್ಲಿ ಅದನ್ನು ಓದಿಸುವ ತೀರ್ಮಾನವೂ ಅದೇ ವರ್ಷದ್ದು. ಮಕ್ಕಳ ಬಾಯಲ್ಲಿ ಆ ಸಾಲುಗಳನ್ನು ಕೇಳುವುದು ಸಂತೋಷದ ಸಂಗತಿಯೇ. ಆದರೆ ಆ ಸಾಲುಗಳ ಪದಗಳಿಗಾಗಿ ಹಿರಿಯರು ಜಟಾಪಟಿ ನಡೆಸಿದ್ದರು ಎಂದು ಆ ಮಕ್ಕಳಿಗೆ ಹೇಳುವವರು ಕಡಿಮೆ. ಬಾಯಿಪಾಠವಾದ ಮೇಲೆ ಕೈಗೆತ್ತಿಕೊಳ್ಳಬೇಕಾದ ಓದು ಈ ಹನ್ನೆರಡು ಸಂಪುಟಗಳು.

ಎರಡು ವರ್ಷ, ಹನ್ನೊಂದು ತಿಂಗಳು

ಮೊದಲು ಒಂದಿಷ್ಟು ಲೆಕ್ಕ. ಸಂವಿಧಾನ ಸಭೆಯ ಕೆಲಸ ನಡೆದದ್ದು ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನ. ಹನ್ನೊಂದು ಅಧಿವೇಶನ, ಒಟ್ಟು 165 ದಿನ ಸಭೆ. ಅದರಲ್ಲಿ 114 ದಿನ ಕರಡಿನ ಮೇಲೆಯೇ ಚರ್ಚೆ. ಸದಸ್ಯರು ಕೊಟ್ಟ ತಿದ್ದುಪಡಿಗಳು 7,635. ಅವುಗಳಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು. ಇದೆಲ್ಲ ನಡೆಯುತ್ತಿದ್ದಾಗ ಹೊರಗೆ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಗಡಿ ದಾಟುತ್ತಿದ್ದರು. ಗಾಂಧೀಜಿಯ ಹತ್ಯೆಯಾಯಿತು. ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟ ಸೇರಿದವು. ಮೈಸೂರಿನಲ್ಲಿ ಪ್ರತ್ಯೇಕ ಸಂವಿಧಾನ ಸಭೆಯೇ ಇತ್ತು. ದೆಹಲಿಯಲ್ಲಿ ಸಿದ್ಧವಾದದ್ದನ್ನೇ ಒಪ್ಪಿಕೊಳ್ಳೋಣವೆಂದು ಅದು ಶಿಫಾರಸು ಮಾಡಿತು. 1949ರ ನವೆಂಬರ್ 25ರಂದು ಮಹಾರಾಜ ಜಯಚಾಮರಾಜ ಒಡೆಯರ್ ಅದರಂತೆ ಘೋಷಣೆ ಹೊರಡಿಸಿದರು.

ಕರಡು ಸಮಿತಿಯಲ್ಲಿ ಏಳು ಜನ. ಅಧ್ಯಕ್ಷರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನ ಸಭೆಯ ಸದಸ್ಯರಲ್ಲೊಬ್ಬರಾದ ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರ್ 5ರಂದು ಸಭೆಗೆ ಆ ಸಮಿತಿಯ ವಾಸ್ತವವನ್ನು ತೆರೆದಿಟ್ಟರು. ಒಬ್ಬರು ರಾಜೀನಾಮೆ ಕೊಟ್ಟಿದ್ದರು, ಒಬ್ಬರು ತೀರಿಕೊಂಡಿದ್ದರು, ಒಬ್ಬರು ಅಮೆರಿಕದಲ್ಲಿದ್ದರು, ಮತ್ತೊಬ್ಬರು ಬೇರೆ ರಾಜ್ಯಾಡಳಿತದ ಕೆಲಸದಲ್ಲಿ ಮುಳುಗಿದ್ದರು, ಇನ್ನೊಬ್ಬಿಬ್ಬರು ದೆಹಲಿಯಿಂದ ದೂರವಿದ್ದರು. ಹೊರೆಯೆಲ್ಲ ಬಿದ್ದದ್ದು ಅಂಬೇಡ್ಕರ್ ಹೆಗಲಿಗೆ. ರಾಜೀನಾಮೆ ಕೊಟ್ಟವರ ಜಾಗಕ್ಕೆ ಬಂದ ಎನ್. ಮಾಧವರಾವ್ ಅದಕ್ಕೆ ಮುಂಚೆ ಮೈಸೂರಿನ ದಿವಾನರಾಗಿದ್ದವರು.

ಮಾತಾಡದ ಮಂಗಳೂರಿಗ

ನಡಾವಳಿಯಲ್ಲಿ ಒಂದು ಹೆಸರು ಬೇರೆಯವರ ಬಾಯಲ್ಲಿ ಬರುತ್ತದೆ, ಆ ವ್ಯಕ್ತಿಯ ಭಾಷಣ ಮಾತ್ರ ಎಲ್ಲೂ ಇಲ್ಲ. ಬೆನಗಲ್ ನರಸಿಂಗ ರಾವ್, ಎಲ್ಲರಿಗೂ ಬಿ.ಎನ್. ರಾವ್. ಹುಟ್ಟಿದ್ದು 1887ರಲ್ಲಿ, ಮಂಗಳೂರಿನ ವೈದ್ಯರೊಬ್ಬರ ಮಗನಾಗಿ. ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ದಾಟಿ, ಕೇಂಬ್ರಿಜ್‌ಗೆ ಹೋಗಿ ಐಸಿಎಸ್ ಸೇರಿದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಅವರು ಸದಸ್ಯರಲ್ಲ. ಹಾಗಾಗಿ ಸಭೆಯಲ್ಲಿ ಮಾತಾಡುವ ಹಕ್ಕೂ ಇಲ್ಲ, ಮತವೂ ಇಲ್ಲ.

ಅವರ ಕೆಲಸ ಓದುವುದು, ಓದಿದ್ದನ್ನು ಇತರರು ಓದುವಂತೆ ಬರೆದುಕೊಡುವುದು. ಜಗತ್ತಿನ ಬೇರೆ ಬೇರೆ ಸಂವಿಧಾನಗಳು ಹಕ್ಕುಗಳನ್ನು ಹೇಗೆ ಬರೆದಿವೆ, ಎರಡನೇ ಸದನ ಹೇಗಿದೆ, ಒಕ್ಕೂಟ ಮತ್ತು ರಾಜ್ಯಗಳ ನಡುವೆ ಅಧಿಕಾರ ಹೇಗೆ ಹಂಚಿಕೆಯಾಗಿದೆ ಎಂಬುದನ್ನೆಲ್ಲ ತೆಗೆದು, ಸದಸ್ಯರ ಕೈಗೆ ಪೂರ್ವನಿದರ್ಶನಗಳ ಮೂರು ಸಂಕಲನಗಳನ್ನು ಕೊಟ್ಟರು. ಜೈಲಿನಿಂದ, ವಕೀಲಿಯಿಂದ, ಹೊಲದಿಂದ ಬಂದ ಸದಸ್ಯರಿಗೆ ಅವು ಪಠ್ಯಪುಸ್ತಕವಾದವು. 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡನ್ನೂ ಸಿದ್ಧಪಡಿಸಿ ಕರಡು ಸಮಿತಿಯ ಮುಂದಿಟ್ಟರು. ಸಮಿತಿ ಅದನ್ನು ಒಡೆದು, ತಿದ್ದಿ, ಹಿಗ್ಗಿಸಿ 315 ವಿಧಿಗಳ ಕರಡು ಮಾಡಿ 1948ರ ಫೆಬ್ರವರಿಯಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಸಭೆ ಅದನ್ನು 395 ವಿಧಿಗಳಿಗೆ ಬೆಳೆಸಿತು.

ತಮಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಬಿ.ಎನ್. ರಾವ್ ಅವರ ಪಾಲೂ ಇದೆ, ಎಂಥ ತೊಡಕಿನ ವಿಷಯವನ್ನೂ ಸರಳವಾಗಿ ಬರೆಯಬಲ್ಲ ಎಸ್.ಎನ್. ಮುಖರ್ಜಿಯವರ ಪಾಲೂ ಇದೆ ಎಂದು 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಮನಸಾರೆ ನೆನೆದರು. ಇವತ್ತು ಕೆಲವರು ರಾವ್ ಅವರ ಹೆಸರನ್ನು ಎತ್ತುವುದೇ ಅಂಬೇಡ್ಕರರನ್ನು ಇಳಿಸುವುದಕ್ಕೆ. ಅದು ಇಬ್ಬರಿಗೂ ಮಾಡುವ ಅನ್ಯಾಯ. ನಡಾವಳಿಯನ್ನು ಓದಿದವರಿಗೆ ವಿಷಯ ಸ್ಪಷ್ಟ. ರಾವ್ ಕೊಟ್ಟದ್ದು ಕಚ್ಚಾ ಸಾಮಗ್ರಿ ಮತ್ತು ಆರಂಭದ ಬರಹ. ಅದನ್ನು ಸಭೆಯಲ್ಲಿ ಒಂದೊಂದು ವಿಧಿಯಾಗಿ ಎದುರಾಳಿಗಳ ಮುಂದೆ ನಿಲ್ಲಿಸಿ, ಸಮರ್ಥಿಸಿ, ಬೇಕಾದಲ್ಲಿ ಬಗ್ಗಿಸಿ, ಮೈಯಲ್ಲಿ ಆರೋಗ್ಯವಿಲ್ಲದ ದಿನಗಳಲ್ಲೂ ದಡ ಮುಟ್ಟಿಸಿದವರು ಅಂಬೇಡ್ಕರ್.

ರಾವ್ ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸ್ಫೋಟಿಸಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿದ್ದದ್ದು ಅವರೇ. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗ 1953ರಲ್ಲಿ ತೀರಿಕೊಂಡರು. ಅವರ ಬರಹಗಳು ಪುಸ್ತಕವಾಗಿ ಬಂದದ್ದು 1960ರಲ್ಲಿ, ತಮ್ಮ ಬಿ. ಶಿವರಾವ್ ಅವರ ಸಂಪಾದನೆಯಲ್ಲಿ. ಈ ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರೂ ಹೌದು. ಸಮಿತಿಗಳ ಟಿಪ್ಪಣಿ, ಪತ್ರ, ಭಿನ್ನಮತದ ಬರಹಗಳನ್ನೆಲ್ಲ ಕಲೆಹಾಕಿ 1960ರ ದಶಕದ ಕೊನೆಯಲ್ಲಿ ಐದು ಸಂಪುಟಗಳಲ್ಲಿ ಪ್ರಕಟಿಸಿದವರು ಅವರು. ಅಣ್ಣ ಕಾಗದ ಸಿದ್ಧಪಡಿಸಿದರು, ತಮ್ಮ ಅದು ಕಳೆದುಹೋಗದಂತೆ ನೋಡಿಕೊಂಡರು. ಸಂವಿಧಾನದ ಬಗ್ಗೆ ಆಮೇಲೆ ಬಂದ ಗಂಭೀರ ಪುಸ್ತಕಗಳೆಲ್ಲ ಈ ಸಂಪುಟಗಳ ಋಣದಲ್ಲಿವೆ.

ಮಾತು ನಿಲ್ಲಿಸದ ಮಂಗಳೂರಿಗ

ಅದೇ ಮಂಗಳೂರಿನಲ್ಲಿ 1907ರಲ್ಲಿ ಹುಟ್ಟಿದ ಇನ್ನೊಬ್ಬರು ಹರಿ ವಿಷ್ಣು ಕಾಮತ್. ಅವರೂ ಐಸಿಎಸ್ ಮಾಡಿದವರೇ. ಆದರೆ 1938ರಲ್ಲಿ ಆ ಕೆಲಸ ಬಿಟ್ಟು ಸುಭಾಷ್‌ಚಂದ್ರ ಬೋಸರ ಹಿಂದೆ ಹೋದರು. ಸಂವಿಧಾನ ಸಭೆಗೆ ಬಂದದ್ದು ಮಧ್ಯಪ್ರಾಂತ್ಯದಿಂದ. ನಡಾವಳಿಯ ಯಾವ ಸಂಪುಟ ತೆರೆದರೂ ಕಾಮತರು ಎದ್ದು ನಿಂತಿರುತ್ತಾರೆ. ಅಲ್ಪವಿರಾಮದ ಮೇಲೂ ತಕರಾರು, ತತ್ವದ ಮೇಲೂ ತಕರಾರು.

1949ರ ಅಕ್ಟೋಬರ್ 17ರ ಕಲಾಪವನ್ನು ಓದಬೇಕು. ಪೀಠಿಕೆ ದೇವರ ಹೆಸರಿನೊಂದಿಗೆ ಆರಂಭವಾಗಲಿ ಎಂದು ಕಾಮತ್ ತಿದ್ದುಪಡಿ ತಂದರು. ಸಭೆಯಲ್ಲಿ ಆಸ್ತಿಕರಿಗೆ ಕೊರತೆಯಿರಲಿಲ್ಲ. ಆದರೂ ವಿರೋಧ ಬಂದದ್ದು ಆಸ್ತಿಕರಿಂದಲೇ. ದೇವರನ್ನು ಬಹುಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಪ್ರತಿಯೊಬ್ಬರ ಅಂತರಂಗಕ್ಕೆ ಬಿಟ್ಟ ನಂಬಿಕೆಯನ್ನು ಎಲ್ಲರ ಮೇಲೆ ಹೇರಿದಂತಾಗುತ್ತದೆ ಎಂದು ಹೃದಯನಾಥ ಕುಂಜ್ರು ವಾದಿಸಿದರು. ಕಾಮತ್ ಜಗ್ಗಲಿಲ್ಲ, ಮತಕ್ಕೆ ಹಾಕಿಸಿದರು. ಪರ 41, ವಿರುದ್ಧ 68. ಸೋತ ಕಾಮತ್ ಇದು ಕರಾಳ ದಿನವೆಂದು ನೊಂದು ನುಡಿದದ್ದೂ ದಾಖಲಾಗಿದೆ. ಧರ್ಮ ಮತ್ತು ರಾಜ್ಯದ ಸಂಬಂಧದ ಬಗ್ಗೆ ಎಷ್ಟೋ ಗ್ರಂಥಗಳಿವೆ. ಈ ಒಂದು ದಿನದ ಚರ್ಚೆಯಷ್ಟು ನೇರವಾಗಿ, ಇಷ್ಟು ಕಡಿಮೆ ಪುಟಗಳಲ್ಲಿ ಪ್ರಶ್ನೆಯ ಎರಡೂ ಮಗ್ಗುಲನ್ನು ತೋರಿಸುವಂಥವು ಅಪರೂಪ.

ಕಾಮತರ ಇನ್ನೊಂದು ಸೋಲು ಹೆಚ್ಚು ಭಾರವಾದದ್ದು. 1949ರ ಆಗಸ್ಟ್‌ನಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದವು. ರಾಷ್ಟ್ರಪತಿಗೆ ಇಷ್ಟೊಂದು ಅಧಿಕಾರ ಕೊಟ್ಟ ಪ್ರಜಾಪ್ರಭುತ್ವದ ಸಂವಿಧಾನ ಬೇರೆಲ್ಲಿದೆ ಎಂದು ಹುಡುಕಿದರೆ ಸಿಗುವುದು ಜರ್ಮನಿಯ ವೈಮಾರ್ ಸಂವಿಧಾನ, ಅದೇ ಬಾಗಿಲಿನಿಂದ ಹಿಟ್ಲರ್ ಒಳಬಂದ ಎಂಬ ಎಚ್ಚರಿಕೆ ಅವರದು. ಸಭೆ ಒಪ್ಪಲಿಲ್ಲ. ವಿಭಜನೆಯ ಗಾಯ ಹಸಿಯಾಗಿದ್ದ ಕಾಲ ಅದು. ದೇಶ ಒಡೆಯುವ ಭಯ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಇಪ್ಪತ್ತಾರು ವರ್ಷದ ನಂತರ, 1975ರ ಜೂನ್‌ನಲ್ಲಿ, ಆಂತರಿಕ ಕ್ಷೋಭೆಯ ಕಾರಣ ಕೊಟ್ಟು ತುರ್ತುಪರಿಸ್ಥಿತಿ ಘೋಷಣೆಯಾಯಿತು. 1977ರ ಚುನಾವಣೆಯಲ್ಲಿ ಹೋಷಂಗಾಬಾದ್‌ನಿಂದ ಗೆದ್ದು ಕಾಮತ್ ಮತ್ತೆ ಲೋಕಸಭೆಗೆ ಬಂದರು. ಅದೇ ಲೋಕಸಭೆಯ ಅವಧಿಯಲ್ಲಿ, 1978ರ 44ನೇ ತಿದ್ದುಪಡಿಯ ಮೂಲಕ, ಆಂತರಿಕ ಕ್ಷೋಭೆ ಎಂಬ ಸಡಿಲ ಪದ ಹೋಗಿ ಸಶಸ್ತ್ರ ಬಂಡಾಯ ಎಂಬ ಬಿಗಿಯಾದ ಪದ ಬಂತು.

ಅಂಬೇಡ್ಕರ್ ತಮ್ಮ ಕೊನೆಯ ಭಾಷಣದಲ್ಲಿ ಇಂಥ ಬಂಡಾಯಗಾರರಿಗೆ ವಂದಿಸಿದ್ದು ಸುಮ್ಮನೆ ಅಲ್ಲ. ಪಕ್ಷದ ಶಿಸ್ತಿಗೆ ಎಲ್ಲರೂ ತಲೆಯಾಡಿಸಿದ್ದರೆ ಸಭೆ ಹೌದಪ್ಪಗಳ ಕೂಟವಾಗುತ್ತಿತ್ತು ಎಂದು ಹೇಳಿ, ಕಾಮತ್, ಪಿ.ಎಸ್. ದೇಶಮುಖ್, ಸಿಧ್ವಾ, ಸಕ್ಸೇನಾ, ಠಾಕೂರ್‌ದಾಸ್ ಭಾರ್ಗವ, ಕೆ.ಟಿ. ಶಾ, ಕುಂಜ್ರು ಎಂದು ಹೆಸರು ಹಿಡಿದು ಕರೆದರು. ಅವರು ಎತ್ತಿದ ಪ್ರಶ್ನೆಗಳಿಂದಲೇ ಸಂವಿಧಾನದ ತತ್ವಗಳನ್ನು ವಿವರಿಸುವ ಅವಕಾಶ ತಮಗೆ ಸಿಕ್ಕಿತು ಎಂದರು. ವರ್ಷವಿಡೀ ತಮ್ಮನ್ನು ಕಾಡಿದವರಿಗೆ ಕೃತಜ್ಞತೆ ಹೇಳಿದ ಆ ಪುಟ ಪ್ರತಿ ಶಾಸಕರ ಮೇಜಿನ ಮೇಲೂ ಇರಬೇಕು.

ಅಂಚಿನಿಂದ ಬಂದವರು

ಸಂಪುಟಗಳ ಮೊದಲ ನೂರಾರು ಪುಟಗಳಲ್ಲಿ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದ ಚರ್ಚೆಯಿದೆ. 1946ರ ಡಿಸೆಂಬರ್ 19ರಂದು ಜೈಪಾಲ್ ಸಿಂಗ್ ಎದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಮುಂಡಾ ಬುಡಕಟ್ಟಿನವರು. ಜನ ಯಾವ ಹೆಸರಿನಿಂದ ತಮ್ಮವರನ್ನು ಹೀಗಳೆಯುತ್ತಾರೋ ಅದೇ ಹೆಸರನ್ನು, ಜಂಗ್ಲಿ ಎಂಬ ಪದವನ್ನು, ಹೆಮ್ಮೆಯಿಂದ ತಮಗೆ ಹಚ್ಚಿಕೊಂಡು ಮಾತು ಆರಂಭಿಸಿದರು. ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸುವಂತಿಲ್ಲ, ಅದನ್ನು ಅವರಿಂದ ನೀವೇ ಕಲಿಯಬೇಕು ಎಂಬ ಅರ್ಥದಲ್ಲಿ ಸಭೆಗೆ ಹೇಳಿದರು.

ಅದೇ ದಿನ ಮಾತಾಡಿದವರು ಕೊಚ್ಚಿಯ ಕಡೆಯ ದಾಕ್ಷಾಯಣಿ ವೇಲಾಯುಧನ್. ವಯಸ್ಸು ಮೂವತ್ತನಾಲ್ಕು. ಸಭೆಯಲ್ಲಿದ್ದ ಹದಿನೈದು ಮಹಿಳೆಯರಲ್ಲಿ ದಲಿತರು ಅವರೊಬ್ಬರೇ. ಸಂವಿಧಾನ ಸಭೆ ಸಂವಿಧಾನ ಬರೆದರಷ್ಟೇ ಸಾಲದು, ಜನಕ್ಕೆ ಬದುಕಿನ ಹೊಸ ಚೌಕಟ್ಟನ್ನೇ ಕೊಡಬೇಕು ಎಂಬುದು ಅವರ ಆಗ್ರಹ. 1948ರ ನವೆಂಬರ್ 29ರಂದು ಅಸ್ಪೃಶ್ಯತೆ ರದ್ದುಗೊಳಿಸುವ ವಿಧಿ, ಇಂದಿನ 17ನೇ ವಿಧಿ, ಅಂಗೀಕಾರವಾದಾಗ ಸಭೆಯಲ್ಲಿ ಗಾಂಧೀಜಿಯ ಜಯಘೋಷ ಮೊಳಗಿದ್ದನ್ನು ಶೀಘ್ರಲಿಪಿಕಾರರು ಬರೆದಿಟ್ಟಿದ್ದಾರೆ. ಆ ಗಳಿಗೆಯಲ್ಲಿ ಅಂಬೇಡ್ಕರರೂ ದಾಕ್ಷಾಯಣಿಯವರೂ ಏನು ಅನುಭವಿಸಿದರೋ ಪುಟದಲ್ಲಿಲ್ಲ. ಓದುವವರ ಎದೆ ಮಾತ್ರ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.

ಬಂಗಾಳದ ಕಮ್ಯುನಿಸ್ಟ್ ಸದಸ್ಯ ಸೋಮನಾಥ ಲಾಹಿರಿ 1947ರ ಏಪ್ರಿಲ್‌ನಲ್ಲಿ ಹಕ್ಕುಗಳ ಪಟ್ಟಿ ನೋಡಿ, ಇದರಲ್ಲಿ ಎಷ್ಟೋ ಹಕ್ಕುಗಳನ್ನು ಪೊಲೀಸ್ ಕಾನ್‌ಸ್ಟೆಬಲ್‌ನ ಕಣ್ಣಿನಿಂದ ನೋಡಿ ಬರೆದಂತಿದೆ ಎಂದು ಟೀಕಿಸಿದರು. ಹಕ್ಕು ಕೊಟ್ಟ ಪ್ರತಿ ಸಾಲಿನ ಕೆಳಗೂ ಅದನ್ನು ಕಿತ್ತುಕೊಳ್ಳುವ ಷರತ್ತಿದೆ ಎಂಬುದು ಅವರ ಆಕ್ಷೇಪ. ಹನ್ಸಾ ಮೆಹ್ತಾ ದೆಹಲಿಯ ಈ ಸಭೆಯ ಜೊತೆಜೊತೆಗೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲೂ ಕುಳಿತಿದ್ದರು. ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ಎಲ್ಲ ಪುರುಷರು ಎಂಬರ್ಥ ಬರುವ ಪದವಿದ್ದದ್ದನ್ನು ಎಲ್ಲ ಮಾನವರು ಎಂದು ಬದಲಿಸುವಂತೆ ಪಟ್ಟು ಹಿಡಿದವರು ಅವರು.

ಹಳ್ಳಿಯ ಮೇಲೆ ಎದ್ದ ಬಿರುಗಾಳಿ

1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಆಡಿದ ಒಂದು ಮಾತು ಸಭೆಯನ್ನು ಕಲಕಿತು. ಕರಡಿನಲ್ಲಿ ಗ್ರಾಮಕ್ಕೆ ಜಾಗವಿಲ್ಲ, ವ್ಯಕ್ತಿಯೇ ಅದರ ಘಟಕ ಎಂದು ಅವರು ಹೇಳಿದರು. ಹಳ್ಳಿಯೆಂಬುದು ಸಂಕುಚಿತತೆಯ, ಅಜ್ಞಾನದ, ಜಾತೀಯತೆಯ ಕೂಪ ಎಂಬುದು ಅವರ ನೋಟ. ಹಳ್ಳಿಯ ಕೆರೆಯ ನೀರು ಮುಟ್ಟಲಾಗದೆ ಬೆಳೆದ ಸಮುದಾಯದ ಅನುಭವ ಅದರ ಹಿಂದಿತ್ತು. ಗಾಂಧಿವಾದಿ ಸದಸ್ಯರು ಕೆರಳಿದರು. ಹಲವು ದಿನ ಒಬ್ಬರಾದ ಮೇಲೊಬ್ಬರು ಹಳ್ಳಿಯ ಪರ ಮಾತಾಡಿದರು. ನವೆಂಬರ್ 22ರಂದು ಕೆ. ಸಂತಾನಂ ಅವರ ತಿದ್ದುಪಡಿ ಬಂತು: ಗ್ರಾಮ ಪಂಚಾಯಿತಿಗಳನ್ನು ರಾಜ್ಯ ಸಂಘಟಿಸಬೇಕು. ಅಂಬೇಡ್ಕರ್ ವಾದಕ್ಕಿಳಿಯದೆ ಅದನ್ನು ಒಪ್ಪಿಕೊಂಡರು. ಅದೇ ಇಂದಿನ 40ನೇ ವಿಧಿ.

ಆ ವಿಧಿ ನಿರ್ದೇಶಕ ತತ್ವಗಳ ಭಾಗದಲ್ಲಿ ಕುಳಿತಿತ್ತು, ನ್ಯಾಯಾಲಯದಲ್ಲಿ ಕೇಳುವಂತಿರಲಿಲ್ಲ. ಅದಕ್ಕೆ ಜೀವ ಕೊಟ್ಟವರ ಸಾಲಿನಲ್ಲಿ ಕರ್ನಾಟಕದ ಹೆಸರು ಮುಂದಿದೆ. ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರ ಒತ್ತಾಸೆಯಿಂದ 1983ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳ ಕಾನೂನು ಬಂತು. 1987ರಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಮೀಸಲು ಸ್ಥಾನ ಅದರಲ್ಲೇ ಇತ್ತು. ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಇಂದು ಪಂಚಾಯಿತಿಯ ಕುರ್ಚಿಯಲ್ಲಿ ದಲಿತ ಹೆಣ್ಣುಮಗಳೊಬ್ಬಳು ಕುಳಿತಿದ್ದರೆ ಅಲ್ಲಿ ಸಂತಾನಂ ಅವರ ಹಟವೂ ಇದೆ, ಅಂಬೇಡ್ಕರರ ಶಂಕೆಯೂ ಇದೆ. ಪಂಚಾಯಿತಿ ಬೇಕು ಎಂದವರು ಒಬ್ಬರು, ಊರಿನ ಬಲಾಢ್ಯರ ಕೈಗೆ ಅದು ಸಿಗಬಾರದು ಎಂದವರು ಇನ್ನೊಬ್ಬರು. ಮೀಸಲಾತಿ ಎರಡನ್ನೂ ಹೊಲಿಯಿತು.

ಒಂದು ನುಡಿಗಟ್ಟು, ಮೂವತ್ತು ವರ್ಷ

ಪದವೊಂದು ಎಷ್ಟು ಜೀವಗಳನ್ನು ಮುಟ್ಟಬಹುದು ಎನ್ನುವುದಕ್ಕೆ 21ನೇ ವಿಧಿಯ ಕಥೆ ಸಾಕ್ಷಿ. ಯಾರ ಪ್ರಾಣ, ಸ್ವಾತಂತ್ರ್ಯವನ್ನೂ ನ್ಯಾಯಯುತ ಪ್ರಕ್ರಿಯೆಯಿಲ್ಲದೆ ಕಸಿಯಬಾರದು ಎಂಬ ಅಮೆರಿಕದ ಮಾದರಿಯ ಮಾತು ಆರಂಭದಲ್ಲಿ ಇತ್ತು. 1947ರ ಕೊನೆಯಲ್ಲಿ ಬಿ.ಎನ್. ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಒಂದು ಕಿವಿಮಾತು ಹೇಳಿದರು: ಆ ನುಡಿಗಟ್ಟು ಬೇಡ, ಚುನಾಯಿತ ಶಾಸಕಾಂಗ ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಬೀಳಿಸಲು ಅದು ದಾರಿ ಮಾಡುತ್ತದೆ. ಕಾರ್ಮಿಕರ ಪರವಾದ ಕಾನೂನುಗಳನ್ನು ಅಮೆರಿಕದ ನ್ಯಾಯಾಲಯ ಹಾಗೆ ಬೀಳಿಸಿದ್ದನ್ನು ಕಂಡವರು ಫ್ರಾಂಕ್‌ಫರ್ಟರ್. ಕರಡಿನಲ್ಲಿ ಆ ಮಾತು ಹೋಗಿ, ಕಾನೂನು ಗೊತ್ತುಪಡಿಸಿದ ವಿಧಾನ ಎಂಬ ಮಾತು ಬಂತು.

1948ರ ಡಿಸೆಂಬರ್‌ನ ಚರ್ಚೆಯಲ್ಲಿ ಹಲವು ಸದಸ್ಯರು ಇದನ್ನು ವಿರೋಧಿಸಿದರು. ಕಾನೂನು ಅನ್ಯಾಯದ್ದಾದರೆ ವಿಧಾನ ಸರಿಯಿದ್ದೂ ಏನು ಬಂತು ಎಂದು ಕೇಳಿದರು. ಅಂಬೇಡ್ಕರ್ ಎರಡೂ ಕಡೆಯ ಅಪಾಯ ವಿವರಿಸಿ, ತೀರ್ಮಾನವನ್ನು ಸಭೆಗೇ ಬಿಟ್ಟರು. ವಿರೋಧಿಗಳು ಸೋತರು. ಆ ಸೋಲಿನ ಅಳುಕು ಅಂಬೇಡ್ಕರರನ್ನೂ ಬಿಟ್ಟಿರಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ, ಬಂಧಿತರ ರಕ್ಷಣೆಗಾಗಿ ಈಗಿನ 22ನೇ ವಿಧಿಯನ್ನು ಪರಿಹಾರವಾಗಿ ಅವರೇ ತಂದರು.

ಸಂವಿಧಾನ ಜಾರಿಯಾದ ವರ್ಷವೇ, 1950ರಲ್ಲಿ, ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನುಡಿಗಟ್ಟಿಗೆ ಕಿರಿದಾದ ಅರ್ಥವನ್ನೇ ಕೊಟ್ಟಿತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಅದರ ಕಹಿ ಬೆಂಗಳೂರಿನ ಜೈಲಿಗೂ ತಟ್ಟಿತು. ದೊಡ್ಡ ನಾಯಕರು ಅಲ್ಲಿ ಬಂಧಿಗಳಾಗಿದ್ದರು. ಆಸ್ತಮಾದಿಂದ ಬಳಲುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ಸೆರೆಯಲ್ಲಿದ್ದು, ಬಿಡುಗಡೆಯಾದ ಬೆನ್ನಿಗೇ 1977ರ ಜನವರಿಯಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆಗಾಗಿ ಕೋರ್ಟಿಗೆ ಬರುವಂತಿಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ಒಪ್ಪದೆ ಬೇರೆ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್ ದಾರಿ ಬದಲಿಸಿತು. ಕಾನೂನಿನ ವಿಧಾನ ನ್ಯಾಯಯುತವೂ ಆಗಿರಬೇಕು ಎಂದಿತು. 1948ರಲ್ಲಿ ಸೋತವರ ವಾದ ಮೂವತ್ತು ವರ್ಷದ ನಂತರ ನ್ಯಾಯಪೀಠದಿಂದ ಕೇಳಿಬಂತು.

ಈಗ ಪೀಠಿಕೆಯ ಬಗ್ಗೆ ನಡೆಯುವ ಜಗಳಕ್ಕೂ ಸಂಪುಟಗಳಲ್ಲಿ ಬೇರಿದೆ. ಭಾರತವನ್ನು ಜಾತ್ಯತೀತ, ಸಂಯುಕ್ತ, ಸಮಾಜವಾದಿ ಎಂದು ಬರೆಯಿರಿ ಎಂದು ಕೆ.ಟಿ. ಶಾ 1948ರ ನವೆಂಬರ್ 15ರಂದೇ ಕೇಳಿದ್ದರು. ಸಮಾಜ ಹೇಗಿರಬೇಕೆಂದು ಆಯಾ ಕಾಲದ ಜನ ತೀರ್ಮಾನಿಸಲಿ, ಸಂವಿಧಾನದಲ್ಲೇ ಕಟ್ಟಿಹಾಕಿದರೆ ಅವರ ಸ್ವಾತಂತ್ರ್ಯ ಕಸಿದಂತೆ ಎಂದು ಅಂಬೇಡ್ಕರ್ ಉತ್ತರಿಸಿದರು. ಆ ಆಶಯಗಳು ನಿರ್ದೇಶಕ ತತ್ವಗಳಲ್ಲಿ ಈಗಾಗಲೇ ಇವೆ ಎಂಬುದನ್ನೂ ತೋರಿಸಿದರು. ಸಮಾಜವಾದಿ, ಜಾತ್ಯತೀತ ಎಂಬ ಪದಗಳು ಪೀಠಿಕೆಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ. ಅಂಬೇಡ್ಕರರ ಉತ್ತರದ ಅರ್ಧವನ್ನು ಮಾತ್ರ ಎತ್ತಿ ಬೀಸುವವರು ಎರಡೂ ಕಡೆ ಇದ್ದಾರೆ. ಇಡೀ ಉತ್ತರ ಓದಲು ಹತ್ತು ನಿಮಿಷವೂ ಬೇಡ.

ಸಭೆಯ ಹೊರಗಿನ ಪುಸ್ತಕಗಳು

ಸಂಪುಟಗಳಿಗೆ ದಾರಿದೀಪವಾಗಬಲ್ಲ ಪುಸ್ತಕಗಳೂ ಇವೆ. ಅಮೆರಿಕದ ಗ್ರಾನ್‌ವಿಲ್ ಆಸ್ಟಿನ್ 1966ರಲ್ಲಿ ಬರೆದ ‘ದಿ ಇಂಡಿಯನ್ ಕಾನ್‌ಸ್ಟಿಟ್ಯೂಶನ್: ಕಾರ್ನರ್‌ಸ್ಟೋನ್ ಆಫ್ ಎ ನೇಷನ್’ ಇಂದಿಗೂ ಮೊದಲು ಹಿಡಿಯಬೇಕಾದದ್ದು. ಯಾವ ಬಣ ಯಾವ ತೀರ್ಮಾನಕ್ಕೆ ಹೇಗೆ ಬಂತು ಎಂಬುದನ್ನು ಅದು ಕಥೆಯಂತೆ ಬಿಡಿಸುತ್ತದೆ.

ಇಸ್ರೇಲಿನ ಇತಿಹಾಸಕಾರ್ತಿ ಓರ್ನಿತ್ ಶಾನಿಯವರ ‘ಹೌ ಇಂಡಿಯಾ ಬಿಕೇಮ್ ಡೆಮಾಕ್ರಟಿಕ್’ 2018ರಲ್ಲಿ ಬಂತು. ಅವರು ಹಿಡಿದದ್ದು ಯಾರೂ ಗಮನಿಸದ ಒಂದು ವಸ್ತು: ಮತದಾರರ ಪಟ್ಟಿ. ಸಂವಿಧಾನ ಜಾರಿಯಾಗುವ ಮುಂಚೆಯೇ, 1947ರ ಕೊನೆಯಿಂದ, ರಾವ್ ಅವರ ನೇತೃತ್ವದ ಸಂವಿಧಾನ ಸಭೆಯ ಸಚಿವಾಲಯ ವಯಸ್ಕ ಮತದಾನಕ್ಕೆ ಪಟ್ಟಿ ಮಾಡಿಸಲು ತೊಡಗಿತ್ತು. ಊರು ಬಿಟ್ಟು ಬಂದ ನಿರಾಶ್ರಿತರಿಗೆ ವಿಳಾಸವೇ ಇಲ್ಲ. ಅವರನ್ನು ಎಲ್ಲಿ ಸೇರಿಸುವುದು? ಇಲ್ಲೇ ನೆಲೆಸುತ್ತೇವೆ ಎಂಬ ಅವರ ಹೇಳಿಕೆಯ ಮೇಲೆ ಸೇರಿಸಿಕೊಳ್ಳಿ ಎಂದು ಸಚಿವಾಲಯ ದಾರಿ ತೋರಿತು. ಪಟ್ಟಿಯಿಂದ ಹೊರಗುಳಿದವರು, ಸಂಘಗಳು ಬರೆದ ಪತ್ರಗಳಲ್ಲಿ ಇನ್ನೂ ಕರಡಾಗಿದ್ದ ಸಂವಿಧಾನದ ವಿಧಿಗಳನ್ನೇ ಉಲ್ಲೇಖಿಸಿ ಹಕ್ಕು ಕೇಳಿದ್ದನ್ನು ಶಾನಿ ಕಡತಗಳಿಂದ ಹೊರತೆಗೆದಿದ್ದಾರೆ.

ಆ ಪಟ್ಟಿಯ ಮೇಲೆಯೇ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ಮೊದಲ ಮಹಾಚುನಾವಣೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು. ದೇಶದ ಸಾಕ್ಷರತೆ ಆಗ ಶೇ 18ರ ಆಸುಪಾಸು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಎದುರಿಗೆ ಬಂದ ಒಂದು ಸಮಸ್ಯೆ ಮನಕರಗಿಸುವಂಥದು. ಲಕ್ಷಾಂತರ ಹೆಂಗಸರು ಪಟ್ಟಿಯಲ್ಲಿ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹೆಸರಿಲ್ಲದ ಮತದಾರರನ್ನು ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ನಿರ್ಧಾರ ಕಟುವಾಗಿತ್ತು. ಮುಂದಿನ ಚುನಾವಣೆಯ ಹೊತ್ತಿಗೆ ಹೆಂಗಸರು ಹೆಸರು ಬರೆಸತೊಡಗಿದರು.

ರೋಹಿತ್ ಡೆ ಅವರ ‘ಎ ಪೀಪಲ್ಸ್ ಕಾನ್‌ಸ್ಟಿಟ್ಯೂಶನ್’, ಅದೂ 2018ರದ್ದೇ, ಸಂವಿಧಾನವನ್ನು ಬಳಸಿದ ಸಾಮಾನ್ಯರ ಕಥೆ. ಪಾನನಿಷೇಧದ ವಿರುದ್ಧ ಕೋರ್ಟಿಗೆ ಹೋದವರು, ತಮ್ಮ ಕಸುಬು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಕಸಾಯಿ ವೃತ್ತಿಯವರು, ತನ್ನ ವೃತ್ತಿಯ ಹಕ್ಕನ್ನು ಕೇಳಿಕೊಂಡು 1958ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಬಂದ ಹುಸ್ನಾ ಬಾಯಿ ಇದರ ನಾಯಕರು. ಇವರಲ್ಲಿ ಹಲವರು ಮೊಕದ್ದಮೆ ಸೋತರು. ಆದರೂ ಆ ದೊಡ್ಡ ಇಂಗ್ಲಿಷ್ ಪುಸ್ತಕ ತಮ್ಮದೂ ಹೌದೆಂದು ಅವರು ನಂಬಿದ್ದರು.

ಕನ್ನಡದಲ್ಲಿ ಯಾವಾಗ?

ಇಲ್ಲಿಗೆ ಹನುಮಂತಯ್ಯನವರ ವೀಣೆ ಮತ್ತೆ ನೆನಪಾಗುತ್ತದೆ. ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರೂ 1949ರ ನವೆಂಬರ್ 26ರ ಮುಕ್ತಾಯದ ಭಾಷಣದಲ್ಲಿ ಎರಡು ಕೊರಗು ತೋಡಿಕೊಂಡಿದ್ದರು. ಶಾಸಕರಾಗುವವರಿಗೆ ಅರ್ಹತೆ ಗೊತ್ತುಮಾಡಲಾಗಲಿಲ್ಲ ಎಂಬುದು ಒಂದು. ಸ್ವತಂತ್ರ ಭಾರತದ ಮೊದಲ ಸಂವಿಧಾನವನ್ನು ಭಾರತದ ಭಾಷೆಯಲ್ಲಿ ಬರೆಯಲಾಗಲಿಲ್ಲ ಎಂಬುದು ಇನ್ನೊಂದು. ಸಂವಿಧಾನ ಈಗ ಕನ್ನಡದಲ್ಲಿದೆ. ಅಂಬೇಡ್ಕರರ ಬರಹ-ಭಾಷಣಗಳ ಸಂಪುಟಗಳೂ ಸರ್ಕಾರದ ಪ್ರಕಟಣೆಯಾಗಿ ಕನ್ನಡಕ್ಕೆ ಬಂದಿವೆ. ಕಾಮತ್, ದಾಕ್ಷಾಯಣಿ, ಜೈಪಾಲ್ ಸಿಂಗ್, ಲಾಹಿರಿ, ಪೂರ್ಣಿಮಾ ಬ್ಯಾನರ್ಜಿ ಒಬ್ಬರಿಗೊಬ್ಬರು ಎದುರಾಡುವ ನಡಾವಳಿಯೂ ಹಳ್ಳಿಯ ಗ್ರಂಥಾಲಯದ ಕಪಾಟಿಗೆ ಬರಬೇಕು. ಹನ್ನೆರಡೂ ಸಂಪುಟ ಒಮ್ಮೆಗೇ ಬೇಕಿಲ್ಲ. ದೇವರ ಹೆಸರಿನ ಚರ್ಚೆ, ಹಳ್ಳಿಯ ಚರ್ಚೆ, ಭಾಷೆಯ ಚರ್ಚೆ, ತುರ್ತುಪರಿಸ್ಥಿತಿಯ ಚರ್ಚೆ, ಒಂದೊಂದೂ ಒಂದು ಕಿರುಹೊತ್ತಗೆಯಾದರೆ ಹೈಸ್ಕೂಲಿನ ಮಕ್ಕಳು ಪಾತ್ರ ಹಂಚಿಕೊಂಡು ಓದಬಹುದು. ಒಬ್ಬಳು ದಾಕ್ಷಾಯಣಿಯಾಗಲಿ, ಒಬ್ಬ ಕಾಮತನಾಗಲಿ. ತನಗೆ ಒಪ್ಪಿಗೆಯಿಲ್ಲದ ವಾದವನ್ನು ಬಾಯಿಬಿಟ್ಟು ಓದಿದ ಮಗುವಿಗೆ ಪೀಠಿಕೆಯ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಪದಗಳು ಬೇರೆಯೇ ತೂಕದಲ್ಲಿ ಕೇಳಿಸುತ್ತವೆ.

ವೀಣೆ ಬಯಸಿದ ಹನುಮಂತಯ್ಯ ಬ್ಯಾಂಡ್ ಎಂದು ದೂರಿದ ಅದೇ ಸಂವಿಧಾನದಡಿ 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು. ಅದರ ಹಿಂದಿನ ವರ್ಷ ನೆಹರೂ ಶಂಕುಸ್ಥಾಪನೆ ಮಾಡಿದ್ದ ಶಾಸನ ಸಭೆಯ ಕಟ್ಟಡದ ನಕ್ಷೆಯನ್ನು ಹಿಗ್ಗಿಸಿ, ದೇವಾಲಯಗಳ ಕಂಬ, ಗೋಪುರ, ಕೆತ್ತನೆಗಳನ್ನು ಬೆಂಗಳೂರಿನ ಕಗ್ಗಲ್ಲಿಗೆ ತಂದು ವಿಧಾನಸೌಧ ಕಟ್ಟಿಸಿದರು. ಅದು ಉದ್ಘಾಟನೆಯಾಗುವ ಹೊತ್ತಿಗೆ ಅವರು ಮುಖ್ಯಮಂತ್ರಿಯಾಗಿ ಉಳಿದಿರಲಿಲ್ಲ. 1956ರ ಆಗಸ್ಟ್‌ನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ರಾಜೀನಾಮೆ ಕೊಟ್ಟು ಹೊರನಡೆದಿದ್ದರು. ಆ ಕಲ್ಲಿನ ಕಟ್ಟಡದೊಳಗೆ ಆಳುವವರೂ ವಿರೋಧಿಸುವವರೂ ಆಡುವ ಮಾತನ್ನು ಸದನದ ವರದಿಗಾರರು ಇವತ್ತಿಗೂ ಬರೆದುಕೊಳ್ಳುತ್ತಾರೆ, ಕನ್ನಡದಲ್ಲಿ.